ಮೂರು ಲೀಟರ್ ಹಾಲಿಗೆ ಒಂದು ಗಾಡಿ ಬೇಕೆ?



ನಾಳೆ ಬೆಳಿಗ್ಗೆ ಡೇರಿಗೆ ಹೋದಾಗ ಒಂದು ಕೆಲಸ ಮಾಡಿ. ಹಾಲು ಹಾಕಿ ಚೀಟಿ ಕೈಗೆ ಬಂದ ಮೇಲೆ ಕೂಡಲೇ ಗಾಡಿ ಹತ್ತಬೇಡಿ. ಹತ್ತು ನಿಮಿಷ ಕಟ್ಟೆಯ ಮೇಲೆ ಕುಳಿತು, ಬರುವ ಗಾಡಿಗಳನ್ನು ನೋಡಿ. ನಮ್ಮ ಸತ್ತಿಯಲ್ಲಿ ನಾನು ಒಂದು ದಿನ ಹಾಗೆ ಕುಳಿತಿದ್ದೆ. ಒಂದು ಮೋಟರ್ ಸೈಕಲ್ಲು, ಅದರ ಹ್ಯಾಂಡಲಿಗೆ ಒಂದು ಕಿಟ್ಲಿ. ಅದರ ಹಿಂದೆ ಇನ್ನೊಂದು ಮೋಟರ್ ಸೈಕಲ್ಲು, ಇನ್ನೊಂದು ಕಿಟ್ಲಿ. ಒಂದೇ ತೋಟದ ರಸ್ತೆಯಿಂದ ಐದು ಗಾಡಿ, ಒಂದರ ಧೂಳಿನಲ್ಲಿ ಇನ್ನೊಂದು. ಕಿಟ್ಲಿಯಲ್ಲಿ ಎಷ್ಟು ಹಾಲು ಅಂದರೆ ಮೂರು ಲೀಟರ್, ನಾಲ್ಕು ಲೀಟರ್. ಕೆಲವರದು ಎರಡೇ. ಪಾಳಿ ಬರುವ ತನಕ ಗಾಡಿ ಬಂದ್ ಮಾಡದೆ ಗುರುಗುಟ್ಟಿಸುತ್ತ ನಿಂತವರೂ ಇದ್ದರು. ಅವರಲ್ಲಿ ಒಬ್ಬ ನನ್ನ ಮಗನೇ.

ಇದರಲ್ಲಿ ಹೊಸದೇನು ಎಂದು ನೀವು ಕೇಳಬಹುದು. ನೋಡಿ ನೋಡಿ ರೂಢಿಯಾಗಿದೆ. ನಾನು ಆ ದಿನ ಮನೆಗೆ ಬಂದು ಮಗಳ ವಹಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಅದೇ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ನಮ್ಮ ತೋಟದ ಮನೆಯಿಂದ ಡೇರಿಗೆ ಎರಡು ಕಿಲೋಮೀಟರ್. ಹೋಗಿ ಬಂದರೆ ನಾಲ್ಕು. ಕಂಪನಿಯವರು ಅರವತ್ತು ಎಪ್ಪತ್ತು ಮೈಲೇಜ್ ಹೇಳಿದರೂ ಮುಂಜಾನೆಯ ತಣ್ಣಗಿನ ಇಂಜಿನ್ನು, ತೋಟದ ಕಚ್ಚಾ ರಸ್ತೆ, ಒಂದು ಮತ್ತು ಎರಡನೇ ಗೇರಿನ ಓಟ ಇದ್ದಾಗ ಲೀಟರಿಗೆ 45 ಕಿ.ಮೀ. ಹಿಡಿಯುವುದು ಸರಿ. ಅಂದರೆ ಒಂದು ಹೊತ್ತಿಗೆ 90 ಮಿಲಿ ಪೆಟ್ರೋಲು. ಹೊತ್ತಿಗೆ ಮೂರು ಲೀಟರ್ ಹಾಲು ಹಾಕಿದರೆ ಪ್ರತಿ ಲೀಟರ್ ಹಾಲಿಗೆ 30 ಮಿಲಿ ಪೆಟ್ರೋಲು ಸುಟ್ಟಂತೆ. ಬೇಸಿಗೆಯಲ್ಲಿ ಎಮ್ಮೆ ಬತ್ತಿ ಹಾಲು ಎರಡು ಲೀಟರಿಗೆ ಇಳಿದರೆ 45 ಮಿಲಿ.

ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಯಾವುದಾದರೂ ಒಂದಕ್ಕೆ ಹೋಲಿಸಿ ನೋಡಬೇಕು. 2024ರ ನವೆಂಬರಿನಲ್ಲಿ ಕೆಎಂಎಫ್ ದಿಲ್ಲಿಯಲ್ಲಿ ನಂದಿನಿ ಹಾಲಿನ ಮಾರಾಟ ಶುರು ಮಾಡಿದ್ದು ನಿಮಗೆ ನೆನಪಿರಬಹುದು. ಹಾಲು ಹೋದದ್ದು ಮಂಡ್ಯದಿಂದ, ಟ್ಯಾಂಕರಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಆಗ ನಮ್ಮ ಕಟ್ಟೆಯ ಮೇಲೆ ಎಲ್ಲರೂ ನಕ್ಕಿದ್ದೆವು, "ಹಾಲಿನಕಿಂತ ಡೀಸೆಲ್ ಜಾಸ್ತಿ ಆಗತೈತಿ ಬಿಡ್ರಿ" ಅಂತ. ಆ ಲೆಕ್ಕವನ್ನೂ ಹಾಕಿ ನೋಡಿದೆ. ದೂರ 2,300 ಕಿ.ಮೀ. ಹಿಡಿಯೋಣ, ಟ್ಯಾಂಕರಿನಲ್ಲಿ 25,000 ಲೀಟರ್ ಹಾಲು, ಲೀಟರ್ ಡೀಸೆಲ್ಲಿಗೆ ನಾಲ್ಕು ಕಿಲೋಮೀಟರ್. ಖಾಲಿ ವಾಪಸ್ಸು ಬರುವುದನ್ನೂ ಸೇರಿಸಿದರೆ 1,150 ಲೀಟರ್ ಡೀಸೆಲ್. ಭಾಗಿಸಿದರೆ ಒಂದು ಲೀಟರ್ ಹಾಲಿಗೆ 46 ಮಿಲಿ.

ಇನ್ನೊಮ್ಮೆ ನೋಡಿ. ಮಂಡ್ಯದ ಹಾಲು ದಿಲ್ಲಿಗೆ ಹೋಗಿ ಟ್ಯಾಂಕರ್ ತಿರುಗಿ ಬರಲು ಲೀಟರಿಗೆ 46 ಮಿಲಿ. ನನ್ನ ಹಾಲು ತೋಟದಿಂದ ಸತ್ತಿಯ ಡೇರಿಗೆ ಹೋಗಲು 30 ಮಿಲಿ, ಬೇಸಿಗೆಯಲ್ಲಿ 45. ಟ್ಯಾಂಕರಿನವರನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು. ದೂರ ಕಡಿಮೆ ಇದ್ದ ಮಾತ್ರಕ್ಕೆ ಖರ್ಚು ಕಡಿಮೆ ಆಗುವುದಿಲ್ಲ. ಗಾಡಿ ತುಂಬಿ ಹೋಗುತ್ತದೋ ಖಾಲಿ ಹೋಗುತ್ತದೋ ಎಂಬುದೇ ಮುಖ್ಯ. ಎರಡು ಆಳನ್ನು ಹೊರುವ ಗಾಡಿಗೆ ಮೂರು ಕಿಲೋ ಹಾಲು ನೇತು ಹಾಕಿದರೆ ಅದು ಖಾಲಿ ಗಾಡಿಯೇ.

ಈಗ ಇದನ್ನು ರೂಪಾಯಿಗೆ ತಿರುಗಿಸೋಣ. ದಿನಕ್ಕೆ ಎರಡು ಹೊತ್ತು, 180 ಮಿಲಿ. ಪೆಟ್ರೋಲು ನೂರು ದಾಟಿದೆ. ಲೆಕ್ಕಕ್ಕೆ ನೂರೇ ಇರಲಿ. ದಿನಕ್ಕೆ 18 ರೂಪಾಯಿ, ತಿಂಗಳಿಗೆ 540. ದಿನಕ್ಕೆ ಆರು ಲೀಟರ್ ಹಾಕುವವರಿಗೆ ಲೀಟರಿಗೆ 3 ರೂಪಾಯಿ. ಸರ್ಕಾರ ನಮಗೆ ಕೊಡುವ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ತಡವಾದರೆ ನಾವು ಎಷ್ಟು ಕೂಗಾಡುತ್ತೇವೆ! ಕೂಗಾಡಲೇಬೇಕು, ಅದು ನಮ್ಮ ಹಕ್ಕು. ಆದರೆ ಆ ಐದರಲ್ಲಿ ಮೂರನ್ನು ಕೈಯಾರೆ ಪೆಟ್ರೋಲ್ ಟಾಕಿಗೆ ಸುರಿಯುತ್ತಿದ್ದೇವೆ. ಆ ಬಗ್ಗೆ ಯಾವ ಸಭೆಯಲ್ಲೂ ಒಬ್ಬರೂ ಎದ್ದು ನಿಂತು ಮಾತನಾಡಿದ್ದನ್ನು ನಾನು ಕೇಳಿಲ್ಲ. 2025ರ ಏಪ್ರಿಲ್ 1ರಿಂದ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ನಮಗೆ ಖುಷಿಯಾಗಿತ್ತು. ಅಷ್ಟು ಏರಿಸಲು ಎಷ್ಟು ಮನವಿ, ಎಷ್ಟು ಸಭೆ ಬೇಕಾಯಿತು! ಈ ಮೂರು ರೂಪಾಯಿಗೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.

ಹೊಗೆಯ ಮಾತಿಗೆ ಬರೋಣ. ವರ್ಷಕ್ಕೆ ನಮ್ಮ ಮನೆಯ ಹಾಲಿನ ಓಡಾಟಕ್ಕೆ ಹತ್ತಿರ ಹತ್ತಿರ 66 ಲೀಟರ್ ಪೆಟ್ರೋಲು ಬೇಕು. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. "ಒಂದು ಕಿಲೋನೂ ತೂಗದ ಪೆಟ್ರೋಲಿನಿಂದ ಎರಡು ಕಿಲೋ ಗಾಳಿ ಹೆಂಗ ಬರತೈತಿ?" ಎಂದು ನಮ್ಮ ಅಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ಪೆಟ್ರೋಲಿನಲ್ಲಿರುವ ಇಂಗಾಲ ಸುಡುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಅದಕ್ಕೇ ತೂಕ ಹೆಚ್ಚು. ಹೀಗೆ ಒಂದು ಮನೆಯಿಂದ ವರ್ಷಕ್ಕೆ 150 ಕಿಲೋ. ನೂರು ಮಂದಿ ಹೀಗೇ ಗಾಡಿಯಲ್ಲಿ ಬಂದು ಹಾಲು ಹಾಕುವ ಊರಿದ್ದರೆ 15 ಟನ್. ಒಂದು ಊರಿನ, ಬರೀ ಡೇರಿಗೆ ಹೋಗಿ ಬರುವ ಹೊಗೆ ಇದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಎಮ್ಮೆ, ಆಕಳು ಮೆಲುಕು ಹಾಕುವಾಗ ಬಿಡುವ ಮೀಥೇನ್ ಈ ಹೊಗೆಗಿಂತ ದೊಡ್ಡದು. ಒಂದು ಎಮ್ಮೆ ವರ್ಷಕ್ಕೆ 50 ಕಿಲೋ ಆಸುಪಾಸು ಮೀಥೇನ್ ಬಿಡುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಆದರೆ ಎಮ್ಮೆ ಮೆಲುಕು ಹಾಕದೆ ಹಾಲು ಕೊಡುವುದಿಲ್ಲ, ಮತ್ತು ಆ ಹಾಲಿನಿಂದ ಮನೆ ನಡೆಯುತ್ತದೆ. ಒಂದೇ ರಸ್ತೆಯಲ್ಲಿ ಐದು ಗಾಡಿ ಓಡಿದರೆ ಒಂದು ಚಟಾಕು ಹಾಲೂ ಹೆಚ್ಚಾಗುವುದಿಲ್ಲ. ಹಾಗಾಗಿ ಮೊದಲು ಬಿಡಬೇಕಾದದ್ದು ಇದನ್ನೇ ಎನ್ನುತ್ತೇನೆ.

"ದೊಡ್ಡ ದೊಡ್ಡ ಊರಾಗ ಒಬ್ಬೊಬ್ಬರು ಒಂದೊಂದು ಕಾರ್ ಓಡಸ್ತಾರ, ಅವರನ್ನ ಬಿಟ್ಟು ನಮಗ್ಯಾಕ ಹೇಳತೀರಿ?" ಇದು ನನಗೆ ಎದುರಾದ ಮೊದಲ ಮಾತು. ನ್ಯಾಯವಾದ ಮಾತೇ. ಅವರು ಬಿಡುವಷ್ಟು ಹೊಗೆ ನಾವು ಬಿಡುವುದಿಲ್ಲ, ಅವರು ಮೊದಲು ಕಡಿಮೆ ಮಾಡಬೇಕು. ಆದರೆ ಕೃಷ್ಣೆ ಏರಿ ಬರುವಾಗ ಯಾರ ಹೊಗೆ ಎಷ್ಟು ಎಂದು ಕೇಳುವುದಿಲ್ಲ. 2005ರಲ್ಲಿ ನೋಡಿದೆವು, 2019ರ ಆಗಸ್ಟಿನಲ್ಲಿ ಮತ್ತೆ ನೋಡಿದೆವು. ರಾತ್ರಿಯಲ್ಲಿ ದನಕರು ಬಿಚ್ಚಿಕೊಂಡು ಎತ್ತರಕ್ಕೆ ಓಡಿದವರು ನಾವೇ. ಹಸಿ ಮೇವು ನೀರೊಳಗೆ ಕೊಳೆತಾಗ ಒಣ ರವದಿಗೂ ಕೈಚಾಚಿದವರು ನಾವೇ. ಆ ಒಂದು ಮಹಾಪೂರಕ್ಕೆ ವಾತಾವರಣ ಬಿಸಿಯಾದದ್ದೇ ಕಾರಣ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಬರುವುದೂ ಇಲ್ಲ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ಆವಿ ಹಿಡಿಯುತ್ತದೆ, ಬಿದ್ದಾಗ ಜೋರಾಗಿ ಬೀಳುತ್ತದೆ. ಬೇಸಿಗೆಯ ಝಳಕ್ಕೆ ಎಮ್ಮೆ ಎಷ್ಟು ಹಾಲು ಇಳಿಸುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೇ ಮಾತು ಎಥೆನಾಲಿನದು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಈ ಐದೂ ತಾಲೂಕಿನವರು ಎದೆ ಮುಂದೆ ಮಾಡಿ ಹೇಳುತ್ತಾರೆ, "ನಮ್ಮ ಕಬ್ಬಿನಿಂದಲೇ ದೇಶದ ಗಾಡಿ ಓಡ್ತಾವು" ಅಂತ. 2030ಕ್ಕೆ ಎಂದು ಇಟ್ಟುಕೊಂಡಿದ್ದ ಶೇ. 20 ಮಿಶ್ರಣದ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದ್ದು ನಿಜ. ಅದರಿಂದ ಕಬ್ಬಿನ ಬಿಲ್ಲಿಗೆ ಬಲ ಬಂದಿದೆ. ನಾನೂ ಕಬ್ಬು ಬೆಳೆಯುವವನೇ. ಆದರೆ ನೀತಿ ಆಯೋಗ 2021ರಲ್ಲಿ ಹೊರತಂದ ಎಥೆನಾಲ್ ವರದಿಯಲ್ಲಿ ಎರಡು ಅಂಕಿಗಳಿವೆ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು 2,860 ಲೀಟರ್ ನೀರು. ನನ್ನ ಗಾಡಿ ಹಾಲಿಗೆಂದು ವರ್ಷಕ್ಕೆ ಕುಡಿಯುವ 66 ಲೀಟರಿನಲ್ಲಿ ಐದನೇ ಒಂದು ಭಾಗ, ಅಂದರೆ 13 ಲೀಟರ್ ಎಥೆನಾಲ್. ಅದು ಕಬ್ಬಿನದೇ ಆದರೆ 37,000 ಲೀಟರಿಗೂ ಹೆಚ್ಚು ನೀರು. ಪ್ರತಿ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬರಿದಾಗಿ, ಕೊಯ್ನಾದಿಂದ ನೀರು ಬಿಡಿಸಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ನಾಡಿನವರು ನಾವು. ಎಥೆನಾಲ್ ಬೆರೆತ ಪೆಟ್ರೋಲಾದರೂ ಸುಮ್ಮನೆ ಸುಡುವಷ್ಟು ಅಗ್ಗವಲ್ಲ.

ಹಾಗಾದರೆ ಮಾಡುವುದೇನು? ನಾವು ಮಾಡಿದ್ದನ್ನು ಹೇಳುತ್ತೇನೆ, ಎಡವಿದ್ದನ್ನೂ ಹೇಳುತ್ತೇನೆ.

ನಮ್ಮ ತೋಟದ ರಸ್ತೆಗೆ ನಾಲ್ಕು ಮನೆ. ದೀಪಾವಳಿಯ ನಂತರ ನಾಲ್ಕೂ ಮನೆಯವರು ಕೂತು ಮಾತಾಡಿ, ದಿನಕ್ಕೊಬ್ಬರಂತೆ ಎಲ್ಲರ ಹಾಲನ್ನೂ ಒಯ್ಯುವುದು ಎಂದು ಪಾಳಿ ಹಚ್ಚಿದೆವು. ಇದು ಹೊಸ ವಿದ್ಯೆಯೇನೂ ಅಲ್ಲ. ಕಳೆ ತೆಗೆಯಲು, ರಾಶಿ ಮಾಡಲು ನಮ್ಮ ಹಿರಿಯರು ಮುಯ್ಯಾಳು ಹೋಗುತ್ತಿರಲಿಲ್ಲವೆ? ಅದನ್ನೇ ಹಾಲಿಗೆ ಹಚ್ಚಿದೆವು. ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯ ಎರಡೂ ಬದಿಗೆ ಎರಡೆರಡು ಕಿಟ್ಲಿ ಕೂರುವ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ನಾಲ್ಕು ಗಾಡಿಗೂ ಅದೇ ಅಳತೆ. ಹದಿನಾಲ್ಕು ಲೀಟರ್ ಹಾಲು ಒಂದೇ ಗಾಡಿಯಲ್ಲಿ ಹೊರಟಿತು.

ಮೊದಲ ವಾರವೇ ಗುಸುಗುಸು ಶುರು. "ಅವನ ಕಿಟ್ಲ್ಯಾಗ ನೀರ ಇರತೈತಿ, ನಮ್ಮ ಹಾಲಿನ ಡಿಗ್ರಿ ಬೀಳತೈತಿ." ಇದೇ ಅಸಲು ತೊಡಕು, ಪೆಟ್ರೋಲು ಅಲ್ಲ. ನಿಮ್ಮ ವಸ್ತಿಯಲ್ಲೂ ಮೊದಲು ಬರುವ ಮಾತು ಇದೇ, ಬರೆದಿಟ್ಟುಕೊಳ್ಳಿ. ನಾವು ಪ್ರತಿ ಕಿಟ್ಲಿಯ ಮೇಲೆ ಸದಸ್ಯತ್ವದ ನಂಬರನ್ನು ಬಣ್ಣದಲ್ಲಿ ಬರೆಸಿದೆವು. ಯಾರ ಹಾಲನ್ನೂ ಯಾರದರಲ್ಲೂ ಸುರಿಯುವಂತಿಲ್ಲ, ಡೇರಿಯಲ್ಲಿ ಒಂದೊಂದೇ ಕಿಟ್ಲಿಯ ಮುಚ್ಚಳ ತೆಗೆದು ಒಂದೊಂದೇ ನಂಬರಿಗೆ ತೂಕ, ಫ್ಯಾಟ್, ಎಸ್‌ಎನ್‌ಎಫ್ ನೋಡಬೇಕು. ನಾಲ್ಕು ಚೀಟಿ ನಾಲ್ಕು ಮನೆಗೆ. ಒಂದು ತಿಂಗಳ ಚೀಟಿಗಳನ್ನು ಹಳೆಯ ಚೀಟಿಗಳ ಪಕ್ಕ ಇಟ್ಟು ನೋಡಿದ ಮೇಲೆ ಗುಸುಗುಸು ತಾನೇ ನಿಂತಿತು.

ನಿಂತಿತು ಎನ್ನುವಷ್ಟರಲ್ಲಿ ನಾನೇ ಎಡವಟ್ಟು ಮಾಡಿದೆ. ಮಾರ್ಚಿನ ಒಂದು ಸಂಜೆ ನನ್ನ ಪಾಳಿ. ದಾರಿಯಲ್ಲಿ ಚಹಾದಂಗಡಿಯ ಮುಂದೆ ಪರಿಚಯದವರು ಸಿಕ್ಕರು, ಮಾತಿಗೆ ಮಾತು ಬೆಳೆಯಿತು, ಗಾಡಿ ಬಿಸಿಲಿನಲ್ಲೇ ನಿಂತಿತ್ತು. ಡೇರಿಗೆ ಹೋಗುವಷ್ಟರಲ್ಲಿ ಎರಡು ಕಿಟ್ಲಿಯ ಹಾಲು ಹುಳಿಯಾಗಿತ್ತು. ಸಂಘದವರು ತೆಗೆದುಕೊಳ್ಳಲಿಲ್ಲ, ಅದು ಸರಿಯೇ. ನನ್ನ ಹಾಲಾಗಿದ್ದರೆ ಕೆನ್ನೆ ಬಡಿದುಕೊಂಡು ಸುಮ್ಮನಾಗುತ್ತಿದ್ದೆ, ಪಕ್ಕದ ಮನೆಯವರದು! ಆ ತಾಯಿ ಒಂದು ಮಾತೂ ಆಡಲಿಲ್ಲ. ಮರುದಿನ ಮುಂಜಾನೆ ಅವರ ಮಗ ತನ್ನ ಗಾಡಿ ತೆಗೆದ. ಹತ್ತು ದಿನ ಮತ್ತೆ ನಾಲ್ಕು ಗಾಡಿ, ನಾಲ್ಕು ಕಿಟ್ಲಿ.

ನಂತರ ಹಿರಿಯರೊಬ್ಬರು ನಡುವೆ ಕೂತು ಮಾತಾಡಿಸಿದರು. ಕರಾರು ಗಟ್ಟಿಯಾಯಿತು: ಮುಂಜಾನೆ ಆರೂಕಾಲಿಗೆ ಗಾಡಿ ಹೊರಡಬೇಕು, ತಡವಾದವರಿಗೆ ಕಾಯುವಂತಿಲ್ಲ. ನಡುವೆ ಎಲ್ಲೂ ನಿಲ್ಲುವಂತಿಲ್ಲ. ಒಯ್ಯುವವನ ತಪ್ಪಿನಿಂದ ಹಾಲು ಕೆಟ್ಟರೆ ಅವನೇ ಭರಿಸಬೇಕು, ಕಿಟ್ಲಿ ಸರಿಯಾಗಿ ತೊಳೆಯದೆ ಕೆಟ್ಟರೆ ಹಾಲಿನವನೇ ಹೊಣೆ. ಆ ದಿನದ ಹಾಲಿನ ದುಡ್ಡನ್ನು ನಾನು ಕೊಟ್ಟೆ. ಅವತ್ತಿನಿಂದ ಪಾಳಿ ತಪ್ಪಿಲ್ಲ. ಹಾಲಿಗೆಂದು ತಿಂಗಳಿಗೆ ಐದು ಲೀಟರ್ ಮೇಲೆ ಪೆಟ್ರೋಲು ಕುಡಿಯುತ್ತಿದ್ದ ನನ್ನ ಗಾಡಿಗೆ ಈಗ ಒಂದೂವರೆ ಲೀಟರ್ ಸಾಕು.

ಲೆಕ್ಕಕ್ಕೆ ಸಿಗದ ಲಾಭ ಒಂದಾಯಿತು. ನಮ್ಮ ರಸ್ತೆಯ ತುದಿಯಲ್ಲಿ ಒಬ್ಬ ಆಯಿ ಇದ್ದಾರೆ, ಒಂದೇ ಎಮ್ಮೆ. ಡೇರಿಗೆ ಒಯ್ಯಲು ಮನೆಯಲ್ಲಿ ಗಂಡಾಳಿಲ್ಲ ಎಂದು ಬಂದಷ್ಟಕ್ಕೆ ಹಾಲನ್ನು ಮನೆ ಬಾಗಿಲಲ್ಲೇ ಮಾರುತ್ತಿದ್ದರು. ಈಗ ಅವರ ಕಿಟ್ಲಿಯೂ ನಮ್ಮ ಸ್ಟ್ಯಾಂಡಿಗೆ ಏರಿದೆ. ಗಂಡಸರು ಕಬ್ಬಿನ ಕೆಲಸಕ್ಕೆ ಹೋದ ದಿನ ಕಿಟ್ಲಿ ಹಿಡಿದು ಎರಡು ಕಿಲೋಮೀಟರ್ ನಡೆಯುತ್ತಿದ್ದ ನಮ್ಮ ಹೆಣ್ಣುಮಕ್ಕಳಿಗೂ ನಾಲ್ಕರಲ್ಲಿ ಮೂರು ದಿನ ಆ ಚಿಂತೆ ಇಲ್ಲ.

ಎಲ್ಲ ಕಡೆ ಇದೇ ಮಾದರಿ ನಡೆಯುತ್ತದೆ ಎನ್ನಲಾರೆ. ಊರೊಳಗೆ ಮನೆ ಇದ್ದು ಡೇರಿ ನಾಲ್ಕು ಹೆಜ್ಜೆ ಇದ್ದರೆ ನಡೆದು ಹೋಗಿ, ಅಷ್ಟೇ. ಅದಕ್ಕೂ ಗಾಡಿ ತೆಗೆಯುವವರಿಗೆ ಯಾವ ಲೆಕ್ಕ ಹೇಳಿಯೂ ಉಪಯೋಗವಿಲ್ಲ. ತೋಟದ ವಸ್ತಿ ದೊಡ್ಡದಿದ್ದರೆ ಹತ್ತು ಹದಿನೈದು ಮನೆ ಸೇರಿ ಒಂದು ಬ್ಯಾಟರಿ ಟಂಟಂ ಹಚ್ಚಬಹುದು. ಬ್ಯಾಟರಿ ಸ್ಕೂಟರಿನ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ದಿನಕ್ಕೆ ಎಂಟು ಕಿಲೋಮೀಟರಿಗೆ ಅದಕ್ಕೆ ಕಾಲು ಯೂನಿಟ್ ಕರೆಂಟ್ ಸಾಕು. ನಮ್ಮ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಾದರೂ ಹೊಗೆ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ಹಳೆಯ ಗಾಡಿ ಮುಗಿದಾಗ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಆದರೆ ಹಾಲಿಗೆಂದೇ ಸಾಲ ಮಾಡಿ ಹೊಸ ಗಾಡಿ ತರಬೇಡಿ. ನಾಲ್ಕು ಮನೆ ಕೂಡಿದರೆ ಹಳೆಯ ಗಾಡಿಯಲ್ಲೇ ಹೊಗೆ ಕಾಲು ಭಾಗಕ್ಕೆ ಇಳಿಯುತ್ತದೆ, ಖರ್ಚು ಒಂದು ಸ್ಟ್ಯಾಂಡಿನದು ಮಾತ್ರ.

ಇಷ್ಟು ಹೊತ್ತು ನಿಮಗೆ ಹೇಳಿದೆ. ಇನ್ನು ಒಕ್ಕೂಟದ ಹಿರಿಯರಿಗೂ ಎರಡು ಮಾತು, ಅವರದೇ ಪತ್ರಿಕೆಯಲ್ಲಿ ಹೇಳಿದರೆ ಬೇಸರಿಸುವುದಿಲ್ಲ ಎಂದುಕೊಂಡಿದ್ದೇನೆ. ರೈತನ ಕಿಟ್ಲಿಗೆ ಹೇಳಿದ ಮಾತೇ ಹಾಲಿನ ಲಾರಿಗೂ ಸಲ್ಲುತ್ತದೆ. ಬಿಎಂಸಿ ಇರುವ ಊರಿನಲ್ಲಿ ಹಾಲು 4 ಡಿಗ್ರಿಗೆ ತಂಪಾಗಿ ಕೂರುತ್ತದೆ, ಟ್ಯಾಂಕರು ತುಂಬುವ ತನಕ ಕಾಯಬಹುದು. ಇಲ್ಲದ ಊರಿಗೆ ದಿನಕ್ಕೆ ಎರಡು ಹೊತ್ತು ಕ್ಯಾನಿನ ಗಾಡಿ ಓಡಲೇಬೇಕು, ಅರ್ಧ ತುಂಬಿದರೂ ಓಡಬೇಕು, ಯಾಕೆಂದರೆ ಹಸಿ ಹಾಲು ಮೂರು ನಾಲ್ಕು ತಾಸಿನ ಮೇಲೆ ತಾಳುವುದಿಲ್ಲ. ಹೊಸ ಬಿಎಂಸಿ ಎಲ್ಲಿಗೆ ಕೊಡಬೇಕು ಎಂದು ತೀರ್ಮಾನಿಸುವಾಗ ಯಾವ ಊರಿನವರ ಒತ್ತಾಯ ಜೋರು ಎಂದು ನೋಡದೆ, ಯಾವ ಮಾರ್ಗದಲ್ಲಿ ಗಾಡಿ ಹೆಚ್ಚು ಖಾಲಿ ಓಡುತ್ತಿದೆ ಎಂದು ನೋಡಿ ಕೊಡಿ. ಪ್ರತಿ ಮಾರ್ಗದಲ್ಲೂ ನೂರು ಲೀಟರ್ ಹಾಲಿಗೆ ಎಷ್ಟು ಡೀಸೆಲ್ ಹೋಯಿತು ಎಂಬ ಒಂದು ಅಂಕಿಯನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿ. ಸಾಗಾಣಿಕೆಯ ಒಟ್ಟು ಖರ್ಚು ಎಂದು ಒಂದು ಸಾಲು ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಗಡಿಯ ಊರುಗಳಲ್ಲಂತೂ ಮುಂಜಾನೆ ಒಂದೇ ಓಣಿಗೆ ಬೇರೆ ಬೇರೆ ಡೇರಿಗಳ ಗಾಡಿಗಳು ಬಂದು ಹೋಗುತ್ತವೆ, ಎಲ್ಲವೂ ಅರೆಬರೆ ತುಂಬಿ. ಅದಕ್ಕೆ ಒಕ್ಕೂಟದ ಕೈಯಲ್ಲಿ ಮದ್ದಿಲ್ಲ, ನಮ್ಮ ಕೈಯಲ್ಲಿದೆ. ಯಾರಿಗಾದರೂ ಹಾಕಿ, ಓಣಿಯವರೆಲ್ಲ ಒಂದೇ ಕಡೆ ಹಾಕಿ. ನಾನು ಎಲ್ಲಿಗೆ ಹಾಕುತ್ತೇನೆ ಎಂದು ಬೇರೆ ಹೇಳಬೇಕಿಲ್ಲವಲ್ಲ.

ಇನ್ನೊಂದು. ಗುಜರಾತಿನ ಬನಾಸಕಾಂಠಾ ಜಿಲ್ಲೆಯ ಹಾಲು ಒಕ್ಕೂಟ, ಬನಾಸ ಡೇರಿ, ರೈತರಿಂದ ಸಗಣಿ ಕೊಂಡು, ಅದರಿಂದ ಗ್ಯಾಸ್ ತಯಾರಿಸಿ, ಶುದ್ಧ ಮಾಡಿ, ವಾಹನಗಳಿಗೆ ತುಂಬುವ ಬಂಕನ್ನೇ ನಡೆಸುತ್ತಿದೆ. ಉಳಿದ ರಾಡಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನಮ್ಮ ಐದು ತಾಲೂಕಿನಲ್ಲಿ ಸಗಣಿಗೆ ಬರವೇ? ತಿಪ್ಪೆಯಲ್ಲಿ ಕೊಳೆಯುವಾಗ ಅದೇ ಸಗಣಿ ಮೀಥೇನ್ ಬಿಡುತ್ತದೆ, ಹಿಡಿದು ಉರಿಸಿದರೆ ಹಾಲಿನ ಗಾಡಿಯನ್ನು ಓಡಿಸುತ್ತದೆ. ನಮ್ಮಿಂದ ನಾಲ್ಕು ಜನ ಸಂಘದ ಅಧ್ಯಕ್ಷರು, ಇಬ್ಬರು ಕಾರ್ಯದರ್ಶಿಗಳು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬರಲಿ. ರೈಲಿನಲ್ಲಿ ಹೋಗಲಿ. ಮಿರಜ ನಮಗೆ ಹತ್ತಿರವೇ ಇದೆ.

ಬರುವ ಸರ್ವಸಾಧಾರಣ ಸಭೆಯಲ್ಲಿ ನಾನು ಈ ಎರಡು ಪ್ರಶ್ನೆ ಕೇಳುವವನಿದ್ದೇನೆ: ನಮ್ಮ ಮಾರ್ಗದಲ್ಲಿ ನೂರು ಲೀಟರ್ ಹಾಲಿಗೆ ಎಷ್ಟು ಡೀಸೆಲ್, ಮತ್ತು ಸಗಣಿ ಗ್ಯಾಸ್ ನೋಡಲು ಯಾರನ್ನು ಕಳಿಸುತ್ತೀರಿ. ನೀವೂ ನಿಮ್ಮ ಸಂಘದಲ್ಲಿ ಕೇಳಿ. ಅದಕ್ಕೂ ಮೊದಲು, ಪಕ್ಕದ ತೋಟದವರು ಎಷ್ಟು ಗಂಟೆಗೆ ಹಾಲು ಹಿಂಡುತ್ತಾರೆ ಎಂದು ಇವತ್ತೇ ಕೇಳಿಕೊಂಡು ಬನ್ನಿ. ಕಿಟ್ಲಿಯ ಸ್ಟ್ಯಾಂಡಿನ ಅಳತೆ ಬೇಕಾದವರು ಸತ್ತಿಗೆ ಬಂದರೆ ಗಾಡಿ ತೋರಿಸುತ್ತೇನೆ. ಬರುವುದಾದರೆ ಆರೂಕಾಲರ ಒಳಗೆ ಬನ್ನಿ, ಆಮೇಲೆ ಗಾಡಿ ಇರುವುದಿಲ್ಲ.